ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹೋಗಲು 16 ಗಂಟೆ, ಬರಲು 17 ಮುಕ್ಕಾಲು

ಏರ್ ಇಂಡಿಯಾ 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರು ಮಾಡಿದಾಗ ಹಾಕಿದ್ದ ವೇಳಾಪಟ್ಟಿ ಹೀಗಿತ್ತು. ಎಐ 176 ಜನವರಿ 9ರ ಶನಿವಾರ ರಾತ್ರಿ 8:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, 11ರ ಸೋಮವಾರ ಬೆಳಗಿನ ಜಾವ 3:45ಕ್ಕೆ ದೇವನಹಳ್ಳಿಯಲ್ಲಿ ಇಳಿಯಬೇಕು. ಅವತ್ತೇ ಮಧ್ಯಾಹ್ನ 2:30ಕ್ಕೆ ಎಐ 175 ಬೆಂಗಳೂರಿನಿಂದ ಹೊರಟು, ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸೇರಬೇಕು. ಗಡಿಯಾರ ಮಾತ್ರ ನೋಡಿದವರಿಗೆ ಹೋಗುವ ದಾರಿ ಎರಡೂವರೆ ಗಂಟೆಯದು, ಬರುವ ದಾರಿ ಒಂದು ಕಾಲು ದಿನದ್ದು.

ಇದರಲ್ಲಿ ಮೊದಲು ಗಡಿಯಾರದ ಗೋಜಲು ಬಿಡಿಸೋಣ. ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ 8 ಗಂಟೆ ಹಿಂದೆ. ಎರಡರ ನಡುವೆ ಹದಿಮೂರೂವರೆ ಗಂಟೆ. ಶನಿವಾರ ರಾತ್ರಿ 8:30 ಎಂದರೆ ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ 10. ಅಲ್ಲಿಂದ ಸೋಮವಾರ 3:45ರವರೆಗೆ 17 ಗಂಟೆ 45 ನಿಮಿಷ. ಬೆಂಗಳೂರಿನ ಮಧ್ಯಾಹ್ನ 2:30 ಎಂದರೆ ಅಲ್ಲಿ ಅದೇ ದಿನದ ನಡುರಾತ್ರಿ 1 ಗಂಟೆ. ಅಲ್ಲಿಂದ ಸಂಜೆ 5ರವರೆಗೆ ಸರಿಯಾಗಿ 16 ಗಂಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆ ಆಗುತ್ತದೆ. ಹಳೆಯ ಟಿಕೆಟ್ ನೋಡಿ ಹೊಸ ಪ್ರಯಾಣದ ಹೊತ್ತು ಊಹಿಸುವವರು ಮುಗ್ಗರಿಸುವುದು ಇಲ್ಲೇ.

ಗಡಿಯಾರದ ಲೆಕ್ಕ ತೀರಿದ ಮೇಲೂ ಒಂದು ಮುಕ್ಕಾಲು ಗಂಟೆಯ ವ್ಯತ್ಯಾಸ ಹಾಗೇ ಉಳಿಯುತ್ತದೆ. ಎರಡು ಊರು ಅವೇ, ದೂರ ಅದೇ, ವಿಮಾನದ ಮಾದರಿಯೂ ಅದೇ ಬೋಯಿಂಗ್ 777-200ಎಲ್‌ಆರ್. ಆ ಒಂದು ಮುಕ್ಕಾಲು ಗಂಟೆ ಎಲ್ಲಿಂದ ಬಂತು ಎಂಬುದೇ ಈ ಪ್ರಕರಣ.

ದೂರ ಎಷ್ಟು, ಹೇಗೆ

ಕೆಂಪೇಗೌಡ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13.198, ಪೂರ್ವ ರೇಖಾಂಶ 77.706ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರ 37.619, ಪಶ್ಚಿಮ 122.375ರಲ್ಲಿ. ಗೋಲದ ಮೇಲಿನ ಎರಡು ಬಿಂದುಗಳ ಅಂತರ ಕಂಡುಹಿಡಿಯುವ ಸೂತ್ರ ಒಂದೇ ಸಾಲಿನದು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಿ. ಎರಡನ್ನೂ ಕೂಡಿಸಿ. ಬಂದದ್ದು ನಡುವಿನ ಕೋನದ ಕೊಸೈನ್.

ಇಲ್ಲಿ ಮೊದಲ ಭಾಗ 0.1394, ಎರಡನೆಯದು ಮೈನಸ್ 0.7243, ಮೊತ್ತ ಮೈನಸ್ 0.5849. ಅದರ ಕೋನ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.195 ಕಿ.ಮೀ. ಹಿಡಿದರೆ 13,988 ಕಿ.ಮೀ. ಭೂಮಿ ಪೂರಾ ಗುಂಡಗಿಲ್ಲದ ಕಾರಣ ನಿಖರ ಲೆಕ್ಕದಲ್ಲಿ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಆಗುತ್ತದೆ, ಸಂಸ್ಥೆ ಆಗ ಪ್ರಕಟಿಸಿದ ಅಂಕಿ 13,993. ವ್ಯವಹಾರಕ್ಕೆ 14,000 ಎಂದರೆ ಸಾಕು. ಮೈಲಿಯಲ್ಲಿ ಅದು 8,700, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಈ ಮೂರನ್ನು ಕಲಸಿದರೆ ಪ್ರಯಾಣದ ಹೊತ್ತು ಅರ್ಧಕ್ಕರ್ಧ ತಪ್ಪುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಈ ಲೆಕ್ಕ ಹಾಕುವವರು ಮಾಡುವ ತಪ್ಪುಗಳು ಎರಡೇ. ಒಂದು, ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸದಿರುವುದು. ಆಗ ಉತ್ತರ ಹುಚ್ಚುಚ್ಚಾಗಿ ಬರುವುದರಿಂದ ತಪ್ಪು ತಾನಾಗಿ ಗೊತ್ತಾಗುತ್ತದೆ. ಇನ್ನೊಂದು, ಪಶ್ಚಿಮ ರೇಖಾಂಶದ ಮುಂದೆ ಮೈನಸ್ ಹಾಕಲು ಮರೆಯುವುದು. ಇದು ಅಪಾಯಕಾರಿ, ಏಕೆಂದರೆ ಉತ್ತರ ನಂಬುವಂತೆಯೇ ಇರುತ್ತದೆ: 5,175 ಕಿ.ಮೀ. ಅಷ್ಟು ದೂರ ಹೋದರೆ ಸಿಗುವುದು ಸ್ಯಾನ್ ಫ್ರಾನ್ಸಿಸ್ಕೊ ಅಲ್ಲ, ಚೀನಾದ ಶಾಂಡೊಂಗ್ ತುದಿಯ ಹತ್ತಿರದ ಹಳದಿ ಸಮುದ್ರ.

ಸೂತ್ರ ಬೇಡ ಎನ್ನುವವರಿಗೆ ಶಾಲೆಯ ಗ್ಲೋಬ್ ಮತ್ತು ಹೊಲಿಗೆ ದಾರ ಸಾಕು. ಗ್ಲೋಬಿನ ಅಡ್ಡಳತೆ 30 ಸೆಂ.ಮೀ. ಇದ್ದರೆ ಸುತ್ತಳತೆ 94 ಸೆಂ.ಮೀ.ಗಿಂತ ತುಸು ಹೆಚ್ಚು, ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೆ ಹೋಗದೆ ತಾನಾಗಿ ಉತ್ತರಕ್ಕೆ ಜಾರುತ್ತದೆ, ಉದ್ದ 33 ಸೆಂ.ಮೀ. ಹತ್ತಿರ ಬರುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಅದೇ ದಿಕ್ಕು ಹಿಡಿದು ಹೋದರೆ 16,100 ಕಿ.ಮೀ. ಆಗುತ್ತದೆ. ನೆಟ್ಟಗೆ ಕಾಣುವ ಗೆರೆಯೇ 2,100 ಕಿ.ಮೀ. ಸುತ್ತು.

ದಾರ ತೋರುವ ದಾರಿಯಲ್ಲಿ ಯಾಕೆ ಹೋಗುವುದಿಲ್ಲ

ಆ ದಾರದ ಕೆಳಗೆ ಏನೇನಿದೆ ನೋಡಿ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲಿದ ದಿಕ್ಕು. ತೆಲಂಗಾಣ, ಉತ್ತರ ಪ್ರದೇಶ, ಆಮೇಲೆ ನೇಪಾಳದಲ್ಲಿ ಧವಳಗಿರಿ–ಅನ್ನಪೂರ್ಣ ಸಾಲು, ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯದ ಪಶ್ಚಿಮ ಮೂಲೆ, ಸೈಬೀರಿಯ. ಪೂರ್ವ ಸೈಬೀರಿಯದ ಕಡಲಂಚಿನಲ್ಲಿ 71 ಡಿಗ್ರಿ ಉತ್ತರ ಮುಟ್ಟಿ, ಅಲಾಸ್ಕದ ಮೇಲೆ ಹಾದು, ಪೆಸಿಫಿಕ್ ಅಂಚಿನಲ್ಲಿ ಕೆಳಗಿಳಿಯುತ್ತದೆ. ದೂರ ಕನಿಷ್ಠ, ಆದರೆ ವಿಮಾನಕ್ಕೆ ಒಗ್ಗದ ದಾರಿ.

ದೊಡ್ಡ ತಡೆ ಟಿಬೆಟ್. ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ ಪೈಲಟ್ ಮೊದಲು ಮಾಡುವ ಕೆಲಸ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಸುವುದು. ಅಲ್ಲಿ ಮುಖವಾಡ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನ ನೆಲದ ಸರಾಸರಿ ಎತ್ತರವೇ 4,500 ಮೀಟರಿಗಿಂತ ಹೆಚ್ಚು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡಕ್ಕೆ ಆಮ್ಲಜನಕ ಕೊಡುವ ರಾಸಾಯನಿಕ ಡಬ್ಬಿಗಳು ಬಾಳುವುದು ನಿಮಿಷಗಳ ಲೆಕ್ಕದಲ್ಲಿ. ಬೆಟ್ಟದ ಸಾಲು ದಾಟುವ ತನಕ ಸಾಲುವುದಿಲ್ಲ. ಅಲ್ಲಿ ಹಾರಬೇಕೆಂದರೆ ಹೆಚ್ಚಿನ ಆಮ್ಲಜನಕ ಬೇಕು, ಎಲ್ಲಿ ಒತ್ತಡ ಹೋದರೆ ಯಾವ ಕಣಿವೆಯ ಕಡೆ ತಿರುಗಬೇಕೆಂದು ಮೊದಲೇ ಬರೆದಿಟ್ಟ ದಾರಿ ಬೇಕು, ಚೀನಾದ ಅನುಮತಿ ಬೇಕು. ಹಾಗಾಗಿ ಬಹುತೇಕ ಸಂಸ್ಥೆಗಳು ಈ ಪ್ರಸ್ಥಭೂಮಿಯನ್ನು ಬಿಟ್ಟು ಸುತ್ತುಹಾಕಿಯೇ ಹೋಗುತ್ತವೆ: ಹೋಗುವಾಗ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್‌ಗೆ.

ಆ ಸುತ್ತು ನಷ್ಟವಲ್ಲ. ಕಾರಣ ಗಾಳಿ.

ಗಾಳಿಯ ಲೆಕ್ಕ

777 ಸಾಮಾನ್ಯವಾಗಿ ಮ್ಯಾಕ್ 0.84ರಲ್ಲಿ ಹಾರುತ್ತದೆ. ಆ ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ. ಆಸುಪಾಸು, ಅದರ 0.84 ಎಂದರೆ 892. ಇದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ವಿಮಾನ ತೇಲುವುದು ಗಾಳಿಯೊಳಗೆ. ಆ ಗಾಳಿಯೇ ಹೊಳೆಯಂತೆ ಹರಿಯುತ್ತಿದ್ದರೆ ನೆಲದ ವೇಗ ಅಷ್ಟರಮಟ್ಟಿಗೆ ಏರುತ್ತದೆ ಅಥವಾ ಇಳಿಯುತ್ತದೆ.

ಗಾಳಿಯೇ ಇಲ್ಲದ ದಿನ 14,000ವನ್ನು 892ರಿಂದ ಭಾಗಿಸಿದರೆ 15 ಗಂಟೆ 42 ನಿಮಿಷ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಬೆನ್ನಗಾಳಿ ಸಿಕ್ಕರೆ 14 ಗಂಟೆ 42 ನಿಮಿಷ, ಅಷ್ಟೇ ಎದುರುಗಾಳಿ ಸಿಕ್ಕರೆ 16 ಗಂಟೆ 50 ನಿಮಿಷ. ಲಾಭ 60 ನಿಮಿಷ, ನಷ್ಟ 68 ನಿಮಿಷ. ಎದುರುಗಾಳಿಯಲ್ಲಿ ನಿಧಾನವಾಗುವುದರಿಂದ ಆ ಗಾಳಿಯಲ್ಲಿ ಕಳೆಯುವ ಹೊತ್ತೂ ಹೆಚ್ಚುತ್ತದೆ. ಹೋಗಿ ಬರುವುದರಲ್ಲಿ ಸರಿಹೋಗುತ್ತದೆ ಎಂಬ ಮಾತು ಅಂಗಡಿ ಲೆಕ್ಕಕ್ಕೆ ಸರಿ, ಆಕಾಶಕ್ಕಲ್ಲ.

ಈಗ ಸುತ್ತುದಾರಿಯನ್ನು ಹಾಕಿ ನೋಡಿ. ದೂರ 15,000 ಕಿ.ಮೀ. ಆಯಿತು, ಬೆನ್ನಗಾಳಿ ಸರಾಸರಿ 110 ಕಿ.ಮೀ. ಎಂದುಕೊಳ್ಳಿ. ನೆಲದ ವೇಗ 1,002, ಹೊತ್ತು 14 ಗಂಟೆ 58 ನಿಮಿಷ. ಸಾವಿರ ಕಿ.ಮೀ. ಸುತ್ತಿಯೂ ಗಾಳಿಯಿಲ್ಲದ ನೇರ ದಾರಿಗಿಂತ ಮುಕ್ಕಾಲು ಗಂಟೆ ಮುಂಚೆ. ವಿಮಾನದ ದಾರಿ ಹಾಕುವವರು ದಿನವೂ ಹುಡುಕುವುದು ಕಡಿಮೆ ಹೊತ್ತು, ಕಡಿಮೆ ಇಂಧನದ ಗೆರೆಯನ್ನು. ನಕ್ಷೆಯ ಮೇಲೆ ಅದು ಎಷ್ಟು ಸೊಟ್ಟಗಿದ್ದರೂ ಅವರಿಗೆ ಚಿಂತೆಯಿಲ್ಲ.

ಬೆನ್ನಗಾಳಿಗೆ 110 ಎಂಬುದು ಕಟ್ಟಿದ ಅಂಕಿಯಲ್ಲವೇ ಎಂದರೆ, ಜಪಾನ್ ಮೇಲಿನ ಜೆಟ್ ಸ್ಟ್ರೀಮ್ ನೋಡಬೇಕು. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಗಾಳಿಪಟ್ಟಿ ಚಳಿಗಾಲದಲ್ಲಿ ಅಲ್ಲಿ ಗಂಟೆಗೆ 250–300 ಕಿ.ಮೀ. ಮುಟ್ಟುವುದು ಅಪರೂಪವಲ್ಲ. ದಾರಿಯ ಮೂರನೇ ಒಂದು ಭಾಗ ಅದರ ಮೇಲೆ ಸವಾರಿ ಮಾಡಿದರೂ ಸರಾಸರಿ ಮೇಲೇರುತ್ತದೆ. ಬೇಸಿಗೆಯಲ್ಲಿ ಈ ಪಟ್ಟಿ ಸೊರಗಿ ಉತ್ತರಕ್ಕೆ ಸರಿಯುತ್ತದೆ. ಆಗ ಅದೇ ವಿಮಾನದ ಹೊತ್ತೂ ಬದಲಾಗುತ್ತದೆ.

ವಾಪಸ್ ಬರುವಾಗ ಇದೇ ಹೊಳೆಯನ್ನು ಎದುರು ಈಜಬೇಕು. ಅದನ್ನು ತಪ್ಪಿಸಿಕೊಳ್ಳಲು ಇರುವ ಉಪಾಯ ಉತ್ತರ ಧ್ರುವ.

ಧ್ರುವದ ಮೇಲಿಂದ

ಈ ಎರಡು ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿದೆ. ಭೂಮಿಯ ಹೆಚ್ಚುಕಡಿಮೆ ಎದುರು ಬದಿ. ಹಾಗಾಗಿ ನೆತ್ತಿಯ ಮೇಲಿಂದ ಹೋದರೂ ದೂರ ಹೆಚ್ಚುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.38 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.80. ಒಟ್ಟು 129.18 ಡಿಗ್ರಿ, 14,364 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಬರೀ 376 ಕಿ.ಮೀ. ಹೆಚ್ಚು, ಅಂದರೆ 25 ನಿಮಿಷ. ಧ್ರುವದ ಸುತ್ತ ಗಾಳಿ ಸಾಮಾನ್ಯವಾಗಿ ಜೆಟ್ ಸ್ಟ್ರೀಮಿನಷ್ಟು ಜೋರಾಗಿರುವುದಿಲ್ಲ. ಇದ್ದರೂ ಒಂದೇ ಸಮನೆ ಎದುರಾಗುವುದಿಲ್ಲ.

ಮೊದಲ ಎಐ 176 ಹಿಡಿದದ್ದು ಈ ದಾರಿಯನ್ನೇ. ನಾಲ್ವರು ಪೈಲಟ್‌ಗಳೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ವಿಮಾನದ ನೋಂದಣಿ ಸಂಖ್ಯೆ ವಿಟಿ-ಎಎಲ್‌ಜಿ, ಸೀಟು 238. ಇಷ್ಟು ದೂರಕ್ಕೆ ನಾಲ್ವರು ಬೇಕೇ ಬೇಕು. ಇಬ್ಬರು ಹಾರಿಸುವಾಗ ಇಬ್ಬರು ಮಲಗಿರುತ್ತಾರೆ.

ಜನವರಿಯಲ್ಲಿ ಈ ದಾರಿಯ ಒಂದು ವಿಚಿತ್ರ: ಹೊರಡುವಾಗ ಕ್ಯಾಲಿಫೋರ್ನಿಯಾದಲ್ಲಿ ಕತ್ತಲೆ, ಧ್ರುವದಲ್ಲಿ ತಿಂಗಳುಗಟ್ಟಲೆಯ ಕತ್ತಲೆ, ಸೈಬೀರಿಯಕ್ಕೆ ಬರುವಷ್ಟರಲ್ಲಿ ಅಲ್ಲೂ ರಾತ್ರಿ, ಬೆಂಗಳೂರಿನಲ್ಲಿ ಇಳಿಯುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಕ್ಯಾಲೆಂಡರಿನ ಭಾನುವಾರ ಸೂರ್ಯನ ಮುಖ ತೋರಿಸದೆ ಮುಗಿದುಹೋಗುತ್ತದೆ.

ಚಳಿಯ ಸಮಸ್ಯೆ ಇಂಧನಕ್ಕೆ. ಅಮೆರಿಕದಲ್ಲಿ ತುಂಬುವ ಜೆಟ್-ಎ ಇಂಧನ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ, ನಮ್ಮಲ್ಲಿ ತುಂಬುವ ಜೆಟ್-ಎ1ರದು ಮೈನಸ್ 47. ಟ್ಯಾಂಕಿನ ಉಷ್ಣತೆ ಈ ಮಿತಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಧ್ರುವದ ದಾರಿಗೆ ಹೊರಡುವುದು ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಂದರೆ ಬೇಗ ಹೆಪ್ಪುಗಟ್ಟುವ ಇಂಧನದಿಂದ; ಮಿತಿ ಮೈನಸ್ 37. ಹೊರಗಿನ ಗಾಳಿ ಮೈನಸ್ 65 ಇದ್ದರೂ ಮ್ಯಾಕ್ 0.84ರ ವೇಗಕ್ಕೆ ಗಾಳಿ ಒತ್ತಿಬಂದು ಬಿಸಿಯಾಗುವುದರಿಂದ ರೆಕ್ಕೆಗೆ ತಟ್ಟುವ ಚಳಿ ಸುಮಾರು ಮೈನಸ್ 36. ಗಂಟೆಗಳ ಕಾಲ ಹಾಗೇ ಹಾರಿದರೆ ಟ್ಯಾಂಕೂ ನಿಧಾನಕ್ಕೆ ಅದರ ಹತ್ತಿರ ಬರುತ್ತದೆ. ಹೊರಗೆ ಮೈನಸ್ 70 ಆದರೆ ಮಿತಿ ದಾಟುವುದು ಖಚಿತ. ಆಗ ಇರುವ ದಾರಿ ಮೂರು: ಬೆಚ್ಚನೆಯ ಪದರಕ್ಕೆ ಇಳಿಯುವುದು, ತುಸು ವೇಗ ಹೆಚ್ಚಿಸುವುದು, ಅತಿ ಚಳಿಯ ಜಾಗವನ್ನು ಬಿಟ್ಟು ಸುತ್ತಿ ಹೋಗುವುದು. ಮೂರಕ್ಕೂ ಇಂಧನ ಹೆಚ್ಚು ಬೇಕು. ಮ್ಯಾಕ್ 0.01 ಏರಿಸಿದರೆ ಸಿಗುವ ಬಿಸಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಉಳಿದ ತೊಡಕುಗಳು: ಕಾಂತ ದಿಕ್ಸೂಚಿ ನಂಬುವಂತಿಲ್ಲ, ನಿಜವಾದ ಉತ್ತರ ಹಿಡಿದು ಹಾರಬೇಕು, ಭೂಮಧ್ಯರೇಖೆಯ ಮೇಲೆ ನಿಂತ ಸಂಪರ್ಕ ಉಪಗ್ರಹಗಳಿಗೆ 82 ಡಿಗ್ರಿ ಆಚೆ ಕಾಣದು, ಆಗ ಮಾತಾಡಲು ದೂರಕ್ಕೆ ಮುಟ್ಟುವ ಎಚ್‌ಎಫ್ ರೇಡಿಯೊ ಬೇಕು, ಸೌರ ಬಿರುಗಾಳಿ ಎದ್ದರೆ ಅದೂ ಕೆಡುತ್ತದೆ, ವಿಕಿರಣವೂ ಏರುತ್ತದೆ, ಅವತ್ತು ಧ್ರುವದ ದಾರಿಯನ್ನೇ ಬಿಡಬೇಕು. ಇಂಜಿನ್ ಕೆಟ್ಟರೆ ಇಳಿಯುವ ಜಾಗವೂ ವಿರಳ. ಈ ಕಡೆಯ ಆಕಾಶದಲ್ಲಿ ಹಾಗಾದರೆ ಏನಾಗುತ್ತದೆ ಎಂಬುದು 2023ರ ಜೂನ್ 6ರಂದು ಕಂಡಿತು: ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ 777 ಇಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಬದಲಿ ವಿಮಾನ ಹೋಗಿ 216 ಪ್ರಯಾಣಿಕರನ್ನು ಊರು ಮುಟ್ಟಿಸುವ ಹೊತ್ತಿಗೆ ಜೂನ್ 8 ಆಗಿತ್ತು.

ಬೆಂಗಳೂರಿನ ಎತ್ತರ, ಇಂಧನದ ಭಾರ

777-200ಎಲ್‌ಆರ್ ಹೆಚ್ಚೆಂದರೆ 347 ಟನ್ ತೂಕದಲ್ಲಿ ಏರಬಲ್ಲದು. ಮೂಲ ಟ್ಯಾಂಕುಗಳಲ್ಲಿ ಹಿಡಿಯುವ ಇಂಧನ 1,81,283 ಲೀಟರ್, ತೂಕದಲ್ಲಿ ಸುಮಾರು 145 ಟನ್. ಗಂಟೆಗೆ ಸರಾಸರಿ 7 ಟನ್ ಹಿಡಿದರೂ 17 ಗಂಟೆಗೆ 119 ಟನ್. ಅದರ ಮೇಲೆ ಅನಿರೀಕ್ಷಿತಕ್ಕೆ 5 ಪ್ರತಿಶತ. ಬೆಂಗಳೂರಿನಲ್ಲಿ ಮಂಜು ಕವಿದರೆ ಚೆನ್ನೈಗೋ ಹೈದರಾಬಾದಿಗೋ ತಿರುಗಲು ಬೇಕಾದಷ್ಟು. ಕೊನೆಗೆ ಅರ್ಧ ಗಂಟೆ ಸುತ್ತುವಷ್ಟು. ಸುರಕ್ಷಿತವಾಗಿರಲಿ ಎಂದು ಇನ್ನೂ ತುಂಬಿಸಿದರೆ ಅದೂ ಭಾರವೇ: ಹೆಚ್ಚುವರಿ ಇಂಧನದಲ್ಲಿ ಗಂಟೆಗೆ 3 ಪ್ರತಿಶತದಷ್ಟು ಅದನ್ನು ಹೊರುವುದಕ್ಕೇ ಉರಿಯುತ್ತದೆ ಎಂಬುದು ರೂಢಿಯ ಲೆಕ್ಕ. 16 ಗಂಟೆಯ ದಾರಿಯಲ್ಲಿ ಒಂದು ಟನ್ ಹೆಚ್ಚು ಹಾಕಿದರೆ ಗುರಿ ಮುಟ್ಟುವಾಗ ಅರ್ಧ ಟನ್ ಉಳಿದೀತು.

ಬೆಂಗಳೂರು ನಿಲ್ದಾಣದ ಎತ್ತರ 915 ಮೀಟರ್. ಜನವರಿಯ ಮಧ್ಯಾಹ್ನ 27 ಡಿಗ್ರಿ ಇದ್ದರೆ ಅಲ್ಲಿನ ಗಾಳಿ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ 14 ಪ್ರತಿಶತ ತೆಳು. ರೆಕ್ಕೆ ಎತ್ತುವುದೂ ಕಡಿಮೆ, ಇಂಜಿನ್ ತಳ್ಳುವುದೂ ಕಡಿಮೆ. 4,000 ಮೀಟರ್ ರನ್‌ವೇ ಇರುವುದರಿಂದ ಬಚಾವ್. ಇಷ್ಟೆಲ್ಲ ಗೊತ್ತಿದ್ದೂ ಮಧ್ಯಾಹ್ನ 2:30ಕ್ಕೆ, ದಿನದ ಅತಿ ಬಿಸಿಯ ಹೊತ್ತಿಗೆ ಹೊರಡಿಸಿದ್ದೇಕೆ? ಈ ದಿಕ್ಕಿನಲ್ಲಿ ಬೆನ್ನಗಾಳಿ ಇದೆ, ಇಂಧನ ಕಡಿಮೆ ಸಾಕು. ಹೆಚ್ಚು ಇಂಧನ ಬೇಕಾದ ವಾಪಸ್ ಪಯಣ ಶುರುವಾಗುವುದು ಕಡಲಂಚಿನ, ತಣ್ಣನೆಯ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅದೂ ರಾತ್ರಿ. ಗಾಳಿಯ ದಿಕ್ಕು ತಿರುವುಮುರುವು ಆಗಿದ್ದರೆ ಈ ಮಾರ್ಗವನ್ನು ಇದೇ ವಿಮಾನದಲ್ಲಿ ಪೂರ್ತಿ ಜನರನ್ನು ತುಂಬಿ ನಡೆಸುವುದು ಬಹಳ ಕಷ್ಟವಾಗುತ್ತಿತ್ತು.

ಅನುಮತಿಯ ಪ್ರಶ್ನೆ ಇನ್ನೊಂದು ಕಡೆ. ಯುನೈಟೆಡ್ ಸಂಸ್ಥೆ 2020ರಲ್ಲಿ ಇದೇ ಮಾರ್ಗ ಘೋಷಿಸಿ ಮುಂದೂಡುತ್ತ ಹೋಯಿತು; 2022ರಲ್ಲಿ ಅಮೆರಿಕದ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಅವರಿಗೆ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಭಾರತದ ಸಂಸ್ಥೆಗಳಿಗೆ ರಷ್ಯಾ ತೆರೆದಿತ್ತು. ಆದರೆ ಧ್ರುವದಿಂದ ಕಜಾಕಿಸ್ತಾನದ ಮೂಲಕ ಇಳಿದು ಬರುವಾಗ ಕಾರಕೋರಂ ತಪ್ಪಿಸಲು ಪಾಕಿಸ್ತಾನದ ಆಕಾಶ ಅನುಕೂಲ. ಅದು 2025ರ ಏಪ್ರಿಲ್ 24ರಂದು ನಮ್ಮ ವಿಮಾನಗಳಿಗೆ ಮುಚ್ಚಿತು. ದೂರ ಒಂದಿಂಚೂ ಬದಲಾಗದೆ ಪ್ರಯಾಣದ ಹೊತ್ತು ಬದಲಾಗುವುದು ಹೀಗೂ ಇದೆ. ಮೇಲೆ ಕೊಟ್ಟಿರುವುದು 2021ರ ವೇಳಾಪಟ್ಟಿ. ಟಿಕೆಟ್ ಮಾಡಿಸುವಾಗ ಅವತ್ತಿನ ಪಟ್ಟಿಯನ್ನೇ ನೋಡಬೇಕು.

ನೀವೇ ಅಂದಾಜು ಮಾಡುವುದಾದರೆ

ಜಾಲತಾಣಗಳು ಕೊಡುವ ‘ಹಾರಾಟದ ಸಮಯ’ ಸಾಮಾನ್ಯವಾಗಿ ದೂರವನ್ನು 800 ಅಥವಾ 900ರಿಂದ ಭಾಗಿಸಿದ್ದು. ನಮ್ಮ ಪ್ರಕರಣದಲ್ಲಿ ಅದು ಹದಿನೇಳೂವರೆ ಅಥವಾ ಹದಿನೈದೂವರೆ ಗಂಟೆ. ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಯಾವ ದಿಕ್ಕಿಗೆ ಯಾವುದೆಂದು ಹೇಳುವುದಿಲ್ಲ. ಹೀಗೆ ಮಾಡಿ: ದೂರಕ್ಕೆ 4 ಪ್ರತಿಶತ ಸುತ್ತು ಸೇರಿಸಿ, 890ರಿಂದ ಭಾಗಿಸಿ. ಚಳಿಗಾಲದಲ್ಲಿ ಪೂರ್ವ ದಿಕ್ಕಿಗಾದರೆ ಒಂದು ಗಂಟೆ ಕಳೆಯಿರಿ, ಪಶ್ಚಿಮಕ್ಕಾಗಲಿ ಧ್ರುವದ ಕಡೆಗಾಗಲಿ ಆದರೆ ಅರ್ಧದಿಂದ ಒಂದು ಗಂಟೆ ಕೂಡಿಸಿ. ಕೊನೆಗೆ ನೆಲದ ಮೇಲೆ ಉರುಳಾಡಲು, ಏರಿಳಿಯಲು ಅರ್ಧ ಗಂಟೆ. ಟಿಕೆಟ್‌ನಲ್ಲಿರುವುದು ಗೇಟ್ ಬಿಟ್ಟದ್ದರಿಂದ ಗೇಟ್ ಸೇರುವವರೆಗಿನ ಹೊತ್ತು, ಚಕ್ರ ನೆಲ ಬಿಟ್ಟದ್ದರಿಂದ ಅಲ್ಲ. ಈ ಲೆಕ್ಕಕ್ಕೆ ಹೋಗುವುದು ಸುಮಾರು 15 ಮುಕ್ಕಾಲು, ಬರುವುದು 17 ಕಾಲರಿಂದ 17 ಮುಕ್ಕಾಲು. ಪಟ್ಟಿಗೆ ಸಾಕಷ್ಟು ಹತ್ತಿರ.

ನೇರ ವಿಮಾನ ಇಲ್ಲದ ದಿನ ಎಲ್ಲಿ ಬದಲಿಸುವುದು ಎಂಬುದನ್ನೂ ದೂರವೇ ಅರ್ಧ ಹೇಳುತ್ತದೆ. ಟೋಕಿಯೊದ ನರಿಟಾ ಮೂಲಕ 6,700 ಮತ್ತು 8,230, ಒಟ್ಟು 14,930 ಕಿ.ಮೀ.; ದುಬೈ ಮೂಲಕ 2,700 ಮತ್ತು 13,020, ಒಟ್ಟು 15,720; ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550. ದುಬೈ ಹತ್ತಿರವೆಂದು ಸುಲಭ ಎನಿಸುತ್ತದೆ. ಆದರೆ ಅಲ್ಲಿಂದ ಮುಂದಿನ ಹಾರಾಟವೇ 16 ಗಂಟೆ ಸುಮಾರು, ಬೆಂಗಳೂರಿನಿಂದ ನೇರ ಹೋದಷ್ಟೇ. ನಾಲ್ಕು ಗಂಟೆಯ ಮೊದಲ ತುಂಡು, ಮಧ್ಯದ ಕಾಯುವಿಕೆ ಎರಡೂ ಅದರ ಮೇಲಿನ ಹೊರೆ. ಕಾಲು ಊದುವವರು, ವಯಸ್ಸಾದ ತಂದೆತಾಯಿ ಹೊರಟಿದ್ದರೆ ನರಿಟಾ ಅಥವಾ ಫ್ರಾಂಕ್‌ಫರ್ಟ್‌ನಂತೆ ದಾರಿಯನ್ನು ಹೆಚ್ಚುಕಡಿಮೆ ಸಮಪಾಲು ಮಾಡುವ ಊರು ಮೇಲು.

ಮನೆಯಿಂದ ಮನೆಗೆ ಎಣಿಸುವುದಾದರೆ: ಮೈಸೂರಿನಿಂದ ದೇವನಹಳ್ಳಿಗೆ ನಾಲ್ಕರಿಂದ ನಾಲ್ಕೂವರೆ ಗಂಟೆ, ನಿಲ್ದಾಣದಲ್ಲಿ ಮೂರು, ಹಾರಾಟ 16, ಅಲ್ಲಿ ಇಮಿಗ್ರೇಷನ್ ಮತ್ತು ಸಾಮಾನಿಗೆ ಒಂದೂವರೆ, ಮೌಂಟನ್ ವ್ಯೂವರೆಗಿನ ರಸ್ತೆಗೆ ಮುಕ್ಕಾಲು. 25ರಿಂದ 26 ಗಂಟೆ. ಬೆಳಗ್ಗೆ 7ಕ್ಕೆ ಮೈಸೂರು ಬಿಟ್ಟವರು ಅಲ್ಲಿನ ಗಡಿಯಾರದಲ್ಲಿ ಅದೇ ದಿನ ಸಂಜೆ ಏಳೂಕಾಲಕ್ಕೆ ಮನೆ ಸೇರಿ ರಾತ್ರಿಯ ಊಟಕ್ಕೆ ಕೂರಬಹುದು. ಮೈಸೂರಿನಲ್ಲಿ ಆಗ ಮರುದಿನ ಬೆಳಗ್ಗೆ ಎಂಟೂ ಮುಕ್ಕಾಲು.